ಪುರುಷರ ಆರೋಗ್ಯ ತಪಾಸಣೆ: ಸಂಕೋಚ ನಿವಾರಣೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ

(ಸದಸ್ಯರ ಅಧ್ಯಯನಕ್ಕಾಗಿ ಪಾಠ)

ಪಾಠದ ಉದ್ದೇಶಗಳು

ಈ ಪಾಠವನ್ನು ಓದಿ ಚರ್ಚಿಸಿದ ನಂತರ ಸದಸ್ಯರು:
1. ಗ್ರಾಮದ ಪುರುಷರು ಆರೋಗ್ಯ ತಪಾಸಣೆಯಿಂದ ದೂರ ಉಳಿಯಲು ಕಾರಣಗಳನ್ನು ಗುರುತಿಸಬಲ್ಲವರಾಗುತ್ತಾರೆ.
2. ತಪಾಸಣೆಯಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದನ್ನು ಇತರರಿಗೆ ತಿಳಿಸಬಲ್ಲವರಾಗುತ್ತಾರೆ.
3. ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿಯೇ ಕೈಗೊಳ್ಳಬಹುದಾದ ಕ್ರಮಗಳನ್ನು ನಿರ್ಧರಿಸಬಲ್ಲವರಾಗುತ್ತಾರೆ.

1. ಪೀಠಿಕೆ

ಗ್ರಾಮದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ತಪಾಸಣೆ ನಡೆಯುವ ದಿನ ಒಂದು ನೋಟ ಅನೇಕ ಊರುಗಳಲ್ಲಿ ಕಾಣಸಿಗುತ್ತದೆ. ಒಳಗಿನ ಬೆಂಚುಗಳ ಮೇಲೆ ಮಹಿಳೆಯರು, ಮಕ್ಕಳು, ವೃದ್ಧರು ಕುಳಿತಿರುತ್ತಾರೆ. ಹೊರಗೆ ಮರದ ನೆರಳಿನಲ್ಲಿ, ನಿಲ್ಲಿಸಿದ ಬೈಕುಗಳ ಮೇಲೆ ಗಂಡಸರು ಕುಳಿತಿರುತ್ತಾರೆ. ಪತ್ನಿಯನ್ನೋ ತಾಯಿಯನ್ನೋ ಕರೆತಂದವರು ಅವರು. ಕೆಲಸ ಮುಗಿದೊಡನೆ ಕರೆದುಕೊಂಡು ಹೋಗಲು ಕಾಯುತ್ತಿರುವವರು. ಒಳಗೆ ಬನ್ನಿ ಎಂದರೆ "ನಮಗೇನಾಗಿದೆ?" ಎಂಬ ಉತ್ತರ ಬರುತ್ತದೆ. ಆ ಮರದ ನೆರಳಿನಿಂದ ಒಳಗಿನ ಬೆಂಚಿಗೆ ಇರುವ ದೂರ ಇಪ್ಪತ್ತು ಹೆಜ್ಜೆಗಿಂತ ಹೆಚ್ಚಿರಲಾರದು. ಆದರೂ ಎಷ್ಟೋ ಮಂದಿ ಆ ದೂರವನ್ನು ಕ್ರಮಿಸುವುದು ಲಕ್ವ ಹೊಡೆದ ಮೇಲೆ, ಇತರರ ಹೆಗಲ ಮೇಲೆ.

ಇದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಬಿ.ಪಿ., ಶುಗರ್ ಎಂಬ ಮಾತುಗಳು ಇಂದು ಪ್ರತಿ ಮನೆಗೂ ಪರಿಚಿತ. ಚಿಕಿತ್ಸೆಯ ವೆಚ್ಚವೂ ಮುಖ್ಯ ಕಾರಣವಲ್ಲ. ಸರ್ಕಾರಿ ಕೇಂದ್ರಗಳಲ್ಲಿ ಈ ಪರೀಕ್ಷೆಗಳು ಉಚಿತ. ಅಡ್ಡ ನಿಂತಿರುವುದು ಬಹುಮಟ್ಟಿಗೆ ಸಂಕೋಚ. ಸಂಕೋಚವು ಭಾಷಣದಿಂದ ಹೋಗುವಂಥದ್ದಲ್ಲ. ತಾನೊಬ್ಬನೇ ಎದ್ದು ಹೋಗಬೇಕಾದ ಸ್ಥಿತಿ ತಪ್ಪಿದಾಗ, ತನ್ನ ವಿಷಯ ಊರಿನ ಬಾಯಿಗೆ ಬೀಳದೆಂಬ ನಂಬಿಕೆ ಬಂದಾಗ ಅದು ತಾನಾಗಿಯೇ ಸಡಿಲಗೊಳ್ಳುತ್ತದೆ. ಇವೆರಡನ್ನೂ ಒದಗಿಸಿಕೊಡುವ ಶಕ್ತಿ ಆಸ್ಪತ್ರೆಗಿಂತ ಹೆಚ್ಚಾಗಿ ಊರಿನ ಚುನಾಯಿತ ಸದಸ್ಯರಲ್ಲಿದೆ ಎಂಬುದೇ ಈ ಪಾಠದ ತಿರುಳು.

2. ಅಂಕಿಅಂಶಗಳು ತಿಳಿಸುವುದೇನು?

2019–21ರಲ್ಲಿ ನಡೆದ 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಪುರುಷರಲ್ಲಿ ಶೇ. 24ರಷ್ಟು ಮಂದಿಗೆ ರಕ್ತದೊತ್ತಡ ಹೆಚ್ಚಾಗಿತ್ತು ಅಥವಾ ಅದಕ್ಕಾಗಿ ಔಷಧ ಸೇವಿಸುತ್ತಿದ್ದರು. ಮಹಿಳೆಯರಲ್ಲಿ ಈ ಪ್ರಮಾಣ ಸುಮಾರು ಶೇ. 21. ರಕ್ತದ ಸಕ್ಕರೆ ಹೆಚ್ಚಿದ್ದವರು ಅಥವಾ ಅದಕ್ಕೆ ಔಷಧ ಸೇವಿಸುತ್ತಿದ್ದವರು ಪುರುಷರಲ್ಲಿ ಶೇ. 15.6, ಮಹಿಳೆಯರಲ್ಲಿ ಶೇ. 13.5. ಅಂದರೆ ಈ ಎರಡೂ ತೊಂದರೆಗಳು ಪುರುಷರಲ್ಲಿ ತುಸು ಹೆಚ್ಚೇ ಇವೆ.

ಇನ್ನೊಂದು ಜೋಡಿ ಸಂಖ್ಯೆಗಳನ್ನು ಸದಸ್ಯರು ವಿಶೇಷವಾಗಿ ನೆನಪಿಡಬೇಕು. ಅದೇ ಸಮೀಕ್ಷೆಯಂತೆ 15 ವರ್ಷ ಮೇಲ್ಪಟ್ಟ ಪುರುಷರಲ್ಲಿ ಶೇ. 38ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಆದರೆ 30ರಿಂದ 49 ವರ್ಷದ ಪುರುಷರಲ್ಲಿ ಬಾಯಿಯ ಕ್ಯಾನ್ಸರ್ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ಶೇ. 1.2 ಮಾತ್ರ. ಭಾರತದ ಪುರುಷರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್‌ಗಳಲ್ಲಿ ಬಾಯಿಯ ಕ್ಯಾನ್ಸರ್ ಮುಂಚೂಣಿಯಲ್ಲಿದೆ. ಕರ್ನಾಟಕದಲ್ಲಿ 2013ರಲ್ಲಿಯೇ ಗುಟ್ಕಾ ನಿಷೇಧವಾಗಿದ್ದರೂ ಪಾನ್ ಮಸಾಲ ಮತ್ತು ತಂಬಾಕನ್ನು ಬೇರೆ ಬೇರೆ ಚೀಟಿಗಳಲ್ಲಿ ಕೊಂಡು ಬೆರೆಸಿ ಅಗಿಯುವ ರೂಢಿ ನಿಂತಿಲ್ಲ.

ಕ್ಷಯರೋಗದ ವಿಷಯವೂ ಹೀಗೆಯೇ ಇದೆ. 2019–21ರ ರಾಷ್ಟ್ರೀಯ ಕ್ಷಯರೋಗ ಸಮೀಕ್ಷೆಯಲ್ಲಿ ರೋಗದ ಪ್ರಮಾಣ ಮಹಿಳೆಯರಿಗಿಂತ ಪುರುಷರಲ್ಲಿ ಹೆಚ್ಚಾಗಿ ಕಂಡುಬಂದಿತು. ಲಕ್ಷಣಗಳಿದ್ದವರಲ್ಲಿ ಸುಮಾರು ಶೇ. 64ರಷ್ಟು ಮಂದಿ ಚಿಕಿತ್ಸೆಗಾಗಿ ಎಲ್ಲಿಗೂ ಹೋಗಿರಲಿಲ್ಲ. ಅವರಲ್ಲಿ ಹೆಚ್ಚಿನವರು ನೀಡಿದ ಕಾರಣ, ಲಕ್ಷಣವನ್ನು ಲೆಕ್ಕಿಸಲಿಲ್ಲ ಎಂಬುದು.

3. ಸಂಕೋಚದ ಬಗೆಗಳು

ಸಂಕೋಚವೆಂಬುದು ಒಂದೇ ಬಗೆಯದಲ್ಲ. ಪ್ರತಿಯೊಂದಕ್ಕೂ ಪರಿಹಾರ ಬೇರೆಯಾದ್ದರಿಂದ ಅವುಗಳನ್ನು ಬಿಡಿಸಿ ನೋಡುವುದು ಅಗತ್ಯ.

ಅ) ದುರ್ಬಲನೆನಿಸುವ ಭಯ: ಮೈಯಲ್ಲಿ ಕಸುವಿರುವವರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಬಾರದೆಂಬ ಹೆಮ್ಮೆ ದುಡಿಯುವ ಗಂಡಸರಲ್ಲಿ ಬೇರೂರಿದೆ. ಮೂಟೆ ಹೊರುವವನಿಗೆ, ನೇಗಿಲು ಹಿಡಿಯುವವನಿಗೆ ಕಾಯಿಲೆ ಬಾರದೆಂಬ ನಂಬಿಕೆಯೂ ಇದಕ್ಕೆ ಸೇರಿದೆ. ರಕ್ತದೊತ್ತಡವು ನೋವನ್ನೂ ಜ್ವರವನ್ನೂ ತೋರಿಸದೆ ವರ್ಷಗಟ್ಟಲೆ ಮೈಯೊಳಗೆ ಇರಬಲ್ಲದು ಎಂಬುದನ್ನು ಈ ನಂಬಿಕೆ ಮರೆಸುತ್ತದೆ.

ಆ) ಮೈ ತೋರಿಸುವ ನಾಚಿಕೆ: ಆಶಾ ಕಾರ್ಯಕರ್ತೆ ಮಹಿಳೆ, ಆರೋಗ್ಯ ಕೇಂದ್ರದ ಸಿಬ್ಬಂದಿಯಲ್ಲಿಯೂ ಅನೇಕರು ಮಹಿಳೆಯರು. ಆಶಾ ಕಾರ್ಯಕರ್ತೆ ಊರಿನ ಸೊಸೆಯೋ ಮಗಳೋ ಆಗಿರುತ್ತಾರೆ. ವರಸೆಯಲ್ಲಿ ತಂಗಿಯೋ ಅತ್ತಿಗೆಯೋ ಆಗುವವರ ಮುಂದೆ ಮೂತ್ರದ ತೊಂದರೆಯನ್ನು, ತೊಡೆಸಂದಿಯ ಊತವನ್ನು ಹೇಳಿಕೊಳ್ಳಲು ಗಂಡಸಿನ ನಾಲಿಗೆ ಏಳುವುದಿಲ್ಲ. ಈ ನಾಚಿಕೆಯನ್ನು ಹಳಿಯುವುದಕ್ಕಿಂತ ಗೌರವಿಸಿ ದಾರಿ ಹುಡುಕುವುದು ಮೇಲು.

ಇ) ಊರಿಗೆ ತಿಳಿಯುವ ಭಯ: ಸಕ್ಕರೆ ಕಾಯಿಲೆಯ ಸುದ್ದಿ ಹಬ್ಬಿದರೆ ಮಗಳ ಸಂಬಂಧಕ್ಕೆ ತೊಡಕಾದೀತು; ಕ್ಷಯ ಎಂದರೆ ಹೋಟೆಲಿನಲ್ಲಿ ಲೋಟ ಬೇರೆಯಿಟ್ಟಾರು; ಕೂಲಿಗೆ ಕರೆಯುವುದನ್ನು ಬಿಟ್ಟಾರು ಎಂಬ ಅಂಜಿಕೆ. ಸಣ್ಣ ಊರಿನಲ್ಲಿ ಈ ಅಂಜಿಕೆ ನಿರಾಧಾರವೆಂದು ಹೇಳಲಾಗದು.

ಈ) ಫಲಿತಾಂಶದ ಭಯ: "ನೋಡಿಸಿದರೆ ತಾನೇ ಕಾಯಿಲೆ ಹೊರಬರುವುದು" ಎಂಬ ಮಾತನ್ನು ಎಲ್ಲರೂ ಕೇಳಿದ್ದಾರೆ. ಪರೀಕ್ಷೆಯೇ ರೋಗವನ್ನು ತಂದಿತೆಂಬಂತೆ ಮಾತನಾಡುವವರೂ ಇದ್ದಾರೆ.

ಉ) ಸಮಯದ ಅಡ್ಡಿ: ಇದು ಸಂಕೋಚವಲ್ಲದಿದ್ದರೂ ಸಂಕೋಚಕ್ಕೆ ಒಳ್ಳೆಯ ನೆಪ. ಆಶಾ ಕಾರ್ಯಕರ್ತೆ ಮನೆಗೆ ಬರುವ ಹೊತ್ತಿಗೆ ಗಂಡಸು ಹೊಲದಲ್ಲಿ, ಸಂತೆಯಲ್ಲಿ ಅಥವಾ ಪಟ್ಟಣದ ಕೆಲಸದಲ್ಲಿರುತ್ತಾನೆ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ರಾಜ್ಯದ ಗೃಹ ಆರೋಗ್ಯ ಯೋಜನೆ ತಪಾಸಣೆಯನ್ನು ಮನೆಯ ಬಾಗಿಲಿಗೆ ತಂದಿದೆ. ಆದರೆ ತಪಾಸಣೆ ಬಾಗಿಲಿಗೆ ಬಂದ ಗಳಿಗೆಯಲ್ಲಿ ಮನೆಯ ಗಂಡಸು ಬಾಗಿಲಲ್ಲಿ ಇಲ್ಲದಿದ್ದರೆ ಯೋಜನೆಯ ಫಲ ಅರ್ಧವಾಗುತ್ತದೆ.

4. ತಪಾಸಣೆಯಲ್ಲಿ ನಡೆಯುವುದೇನು?

ತಿಳಿಯದ ಸಂಗತಿಯ ಬಗ್ಗೆ ಭಯ ಹೆಚ್ಚು. ತಪಾಸಣೆಯ ಕ್ರಮವನ್ನು ಸದಸ್ಯರು ತಿಳಿದುಕೊಂಡು ಸರಳವಾಗಿ ವಿವರಿಸಿದರೆ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ.

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ತುಂಬಿದ ಎಲ್ಲರಿಗೂ ತಪಾಸಣೆ ಉಂಟು. ಮೊದಲಿಗೆ ಆಶಾ ಕಾರ್ಯಕರ್ತೆ ಒಂದು ನಮೂನೆಯನ್ನು ತುಂಬುತ್ತಾರೆ. ವಯಸ್ಸು, ತಂಬಾಕು ಮತ್ತು ಮದ್ಯದ ಅಭ್ಯಾಸ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಮನೆತನದಲ್ಲಿ ರೋಗದ ಹಿನ್ನೆಲೆ ಇವುಗಳಿಗೆ ಅಂಕ ನೀಡಲಾಗುತ್ತದೆ. ಪುರುಷರ ಸೊಂಟದ ಸುತ್ತಳತೆ 90 ಸೆಂ.ಮೀ. ಮೀರಿದರೆ ಅಂಕ ಏರುತ್ತದೆ. ಒಟ್ಟು ಅಂಕ 4ಕ್ಕಿಂತ ಹೆಚ್ಚಾದವರನ್ನು ಆದ್ಯತೆಯ ಮೇಲೆ ಕರೆಯಲಾಗುತ್ತದೆ. ಅಂಕ ಕಡಿಮೆಯಾಯಿತೆಂದರೆ ತಪಾಸಣೆ ಬೇಡವೆಂದು ಅರ್ಥವಲ್ಲ.

ಅನಂತರದ ಪರೀಕ್ಷೆಗಳು ಮೂರು.

ರಕ್ತದೊತ್ತಡ: ತೋಳಿಗೆ ಪಟ್ಟಿ ಸುತ್ತಿ ಅಳೆಯಲಾಗುತ್ತದೆ. ನೋವಿಲ್ಲ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮತ್ತೆ ಅಳೆದು ವೈದ್ಯರಲ್ಲಿಗೆ ಕಳುಹಿಸಲಾಗುತ್ತದೆ. ಒಮ್ಮೆ ಹೆಚ್ಚು ಬಂದ ಮಾತ್ರಕ್ಕೆ ರೋಗವೆಂದು ತೀರ್ಮಾನಿಸುವುದಿಲ್ಲ. ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಅದಕ್ಕೆ ಅರ್ಧ ಗಂಟೆ ಮುಂಚಿನಿಂದ ಬೀಡಿ, ಸಿಗರೇಟು, ಕಾಫಿ, ಚಹಾ ಸೇವಿಸಿರಬಾರದು.

ರಕ್ತದ ಸಕ್ಕರೆ: ಬೆರಳ ತುದಿಯನ್ನು ಚುಚ್ಚಿ ಒಂದು ಹನಿ ರಕ್ತ ತೆಗೆಯಲಾಗುತ್ತದೆ. ಈ ಮೊದಲ ಪರೀಕ್ಷೆಗೆ ಉಪವಾಸವಿರಬೇಕಾಗಿಲ್ಲ. ಸಂಖ್ಯೆ 140 ದಾಟಿದ್ದರೆ ಖಚಿತಪಡಿಸುವ ಪರೀಕ್ಷೆಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಲಾಗುತ್ತದೆ.

ಬಾಯಿಯ ತಪಾಸಣೆ: ಕೈಗವಸು ತೊಟ್ಟು, ಟಾರ್ಚ್ ಬೆಳಕಿನಲ್ಲಿ ತುಟಿ, ಕೆನ್ನೆಯ ಒಳಭಾಗ, ನಾಲಿಗೆ ಮತ್ತು ಅದರ ಅಡಿಭಾಗವನ್ನು ನೋಡಲಾಗುತ್ತದೆ. ಸೂಜಿಯಿಲ್ಲ, ರಕ್ತವಿಲ್ಲ. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು ಇವು ಎಚ್ಚರಿಕೆಯ ಗುರುತುಗಳು. ಖಾರ ತಾಗಿದೊಡನೆ ಬಾಯಿ ಉರಿಯುತ್ತದೆ, ಮುದ್ದೆಯ ತುತ್ತು ದೊಡ್ಡದಾದರೆ ಬಾಯಿಗೆ ಹಿಡಿಯದು ಎಂದು ಊಟದ ಹೊತ್ತಿನಲ್ಲಿ ಹೇಳುವವನು ತಪಾಸಣೆಗೆ ಹೋಗಲೇಬೇಕಾದವನು.

ಬಿ.ಪಿ., ಸಕ್ಕರೆ ತಪಾಸಣೆ ವರ್ಷಕ್ಕೊಮ್ಮೆ, ಬಾಯಿಯ ತಪಾಸಣೆ ಐದು ವರ್ಷಕ್ಕೊಮ್ಮೆಯಾದರೂ ನಡೆಯಬೇಕು. ತಂಬಾಕು ಅಗಿಯುವವರು ಬಾಯಿಯಲ್ಲಿ ಬದಲಾವಣೆ ಕಂಡೊಡನೆ ಅವಧಿಗೆ ಕಾಯದೆ ತೋರಿಸಬೇಕು. ಗಮನಿಸಬೇಕಾದುದೆಂದರೆ, ಈ ಮೂರು ಪರೀಕ್ಷೆಗಳಲ್ಲಿ ಯಾವುದಕ್ಕೂ ಪುರುಷನು ಅಂಗಿಯ ತೋಳು ಮಡಿಸುವುದಕ್ಕಿಂತ ಹೆಚ್ಚು ಬಟ್ಟೆ ಸರಿಸಬೇಕಾಗಿಲ್ಲ. ಈ ಒಂದು ಮಾತನ್ನು ಊರಿನಲ್ಲಿ ಹರಡಿದರೂ ಪ್ರಯೋಜನವಿದೆ.

5. ಹೇಳಿಕೊಳ್ಳಲಾಗದ ತೊಂದರೆಗಳು

ಇವುಗಳಲ್ಲದೆ ಶಿಬಿರದಲ್ಲಿ ಎಲ್ಲರ ಮುಂದೆ ಕೇಳಬಾರದ, ಆದರೆ ವೈದ್ಯರಿಗೆ ತಪ್ಪದೆ ತಿಳಿಸಬೇಕಾದ ತೊಂದರೆಗಳೂ ಇವೆ.

ವೃಷಣದ ಚೀಲದಲ್ಲಿ ನೀರು ತುಂಬಿಕೊಳ್ಳುವ ತೊಂದರೆಯನ್ನು ಹೈಡ್ರೋಸೀಲ್ ಎನ್ನುತ್ತಾರೆ. ಆನೆಕಾಲು ರೋಗದ ಸೋಂಕು ಕಂಡುಬಂದಿರುವ ಬೀದರ್, ಕಲಬುರಗಿ, ಯಾದಗಿರಿಯಂತಹ ಜಿಲ್ಲೆಗಳಲ್ಲಿ ಸೊಳ್ಳೆಯಿಂದ ಹರಡುವ ಆ ಸೋಂಕೇ ಇದಕ್ಕೆ ಒಂದು ಕಾರಣ. ಇದನ್ನು ಮುಚ್ಚಿಡುವವರು ಪಂಚೆಯನ್ನು ಸಡಿಲವಾಗಿ ಉಟ್ಟು, ಸೈಕಲ್ ಬಿಟ್ಟು, ಕ್ರಮೇಣ ಕೂಲಿಯನ್ನೂ ಮದುವೆ ಮುಂಜಿಗಳನ್ನೂ ಬಿಡುತ್ತಾರೆ. ಬೆಳೆದ ಹೈಡ್ರೋಸೀಲ್ ಮಾತ್ರೆಯಿಂದ ಇಳಿಯುವುದಿಲ್ಲ. ಸಣ್ಣ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಹತ್ತು ವರ್ಷ ಬಚ್ಚಿಟ್ಟ ಸಂಕಟಕ್ಕೆ ಕೆಲವು ದಿನಗಳ ಚಿಕಿತ್ಸೆ ಸಾಕೆಂದು ತಿಳಿಯದೆ ಉಳಿದವರು ಇಂದಿಗೂ ಇದ್ದಾರೆ.

ಐವತ್ತು ದಾಟಿದವರಲ್ಲಿ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಧಾರೆ ಸಣ್ಣಗಾಗುವುದು ಪ್ರಾಸ್ಟೇಟ್ ಗ್ರಂಥಿ ಊದಿರುವ ಸೂಚನೆಯಾಗಿರಬಹುದು. ಬಹುತೇಕ ಇದು ಕ್ಯಾನ್ಸರ್ ಅಲ್ಲ. ಔಷಧದಿಂದ ಹತೋಟಿಗೆ ಬರುತ್ತದೆ. ಸಕ್ಕರೆ ಕಾಯಿಲೆಯೂ ಇದೇ ಲಕ್ಷಣ ತೋರಬಹುದಾದ್ದರಿಂದ "ವಯಸ್ಸಾಯಿತು" ಎಂದು ಬಿಡಬಾರದು. ಮೂತ್ರದಲ್ಲಾಗಲಿ ಮಲದಲ್ಲಾಗಲಿ ರಕ್ತ ಕಂಡರೆ, ಯುವಕರಲ್ಲಿ ವೃಷಣದಲ್ಲಿ ನೋವಿಲ್ಲದ ಗಡ್ಡೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಲೈಂಗಿಕ ಶಕ್ತಿ ಕುಂದಿದೆಯೆಂಬ ಚಿಂತೆ ಪುರುಷರು ಅತ್ಯಂತ ಗುಟ್ಟಾಗಿಡುವ ವಿಷಯ. ರಕ್ತನಾಳಗಳು ಕೆಡುವುದರಿಂದ ಇದು ಉಂಟಾಗಬಹುದು. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ, ಮುಂದೆ ಬರಬಹುದಾದ ಹೃದ್ರೋಗಕ್ಕೆ ಎಷ್ಟೋ ವೇಳೆ ಇದೇ ಮೊದಲ ಮುನ್ಸೂಚನೆ. ಆದರೆ ಇಂಥವನು ವೈದ್ಯರ ಬದಲು ಬಸ್ ನಿಲ್ದಾಣದ ಗೋಡೆಯ ಮೇಲಿನ "ಗುಪ್ತರೋಗ" ಜಾಹೀರಾತನ್ನು ನಂಬಿ, ತಿಂಗಳಿಗೊಮ್ಮೆ ಲಾಡ್ಜಿಗೆ ಬರುವ ನಕಲಿ ವೈದ್ಯನ ಕೈಗೆ ಹಣ ಸುರಿಯುತ್ತಾನೆ. ಹಣದ ಜೊತೆಗೆ, ಒಳಗಿನ ರೋಗವನ್ನು ಗುರುತಿಸಬಹುದಾಗಿದ್ದ ಅಮೂಲ್ಯ ವರ್ಷಗಳೂ ಕಳೆದುಹೋಗುತ್ತವೆ. ಸಂಕೋಚದ ಮೇಲೆ ನಡೆಯುವ ವ್ಯಾಪಾರವಿದು. ಲೈಂಗಿಕ ಸೋಂಕುಗಳಿಗೆ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಗೌಪ್ಯವಾದ, ಉಚಿತವಾದ ಸಲಹೆ ಮತ್ತು ಚಿಕಿತ್ಸೆ ಇದೆ ಎಂಬುದನ್ನು ಸದಸ್ಯರು ತಿಳಿಸಬೇಕು.

6. ಭಯದಿಂದ ಬಂದವರು, ರೂಢಿಯಿಂದ ಬರುವವರು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ಅನಂತರದ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗಾಗಿ ಬರುವವರ ಸಂಖ್ಯೆ ಏರಿತು. ತಮಗೆ ಏನೂ ಆಗಿಲ್ಲವೆಂದುಕೊಂಡಿದ್ದ ನಡುವಯಸ್ಸಿನವರು, ಯುವಕರು ಸಾಲುಗಟ್ಟಿ ನಿಂತರು. ಸಂಕೋಚ ಎಷ್ಟು ಬೇಗ ಕರಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಎಲ್ಲರೂ ಹೋಗುತ್ತಿರುವಾಗ ತಾನು ಹೋಗುವುದರಲ್ಲಿ ಯಾರಿಗೂ ನಾಚಿಕೆ ಎನಿಸಲಿಲ್ಲ.

ಆದರೆ ಭಯದ ಅಲೆ ಬಂದಂತೆಯೇ ಇಳಿಯುತ್ತದೆ. ಅದನ್ನು ರೂಢಿಯಾಗಿಸಲು ವ್ಯವಸ್ಥೆ ಬೇಕು. 2023ರಲ್ಲಿ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿಯೇ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಎದೆನೋವಿನಿಂದ ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಇಸಿಜಿ ತೆಗೆದು, ಹೃದಯಾಘಾತವೆಂದು ಕಂಡುಬಂದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವುದು ಇದರ ಕ್ರಮ. ಎದೆ ಹಿಂಡಿದಾಗ "ಗ್ಯಾಸ್ಟ್ರಿಕ್" ಎಂದುಕೊಂಡು ಸೋಡಾ ಕುಡಿದು ಮಲಗುವವರಿಗೆ ಈ ಯೋಜನೆ ತಲುಪಲಾರದು. ಎದೆನೋವು ತೋಳಿಗೋ ದವಡೆಗೋ ಹರಡಿದರೆ, ಬೆವರು ಕಿತ್ತುಬಂದರೆ ಗಂಟೆಯನ್ನಲ್ಲ, ನಿಮಿಷವನ್ನು ಲೆಕ್ಕ ಹಾಕಬೇಕೆಂಬುದನ್ನು ಪ್ರತಿ ವಾರ್ಡ್ ಸಭೆಯಲ್ಲಿ ತಿಳಿಸುವುದು ಉಚಿತ.

7. ಹದಿಮೂರು ಪಂಚಾಯಿತಿಗಳ ಪಾಠ

ಬಾಯಿಯ ತಪಾಸಣೆಯಿಂದ ನಿಜವಾಗಿಯೂ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಪಕ್ಕದ ಕೇರಳದಲ್ಲಿ ದೊರೆತಿದೆ. ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಿಂದ 2004ರವರೆಗೆ ಒಂದು ದೊಡ್ಡ ಅಧ್ಯಯನ ನಡೆಯಿತು. 7 ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು 35 ವರ್ಷ ಮೇಲ್ಪಟ್ಟವರ ಬಾಯಿಯನ್ನು ಮೂರು ವರ್ಷಗಳ ಅಂತರದಲ್ಲಿ ಮೂರು ಸುತ್ತು ಪರೀಕ್ಷಿಸಿದರು. ಉಳಿದ 6ರಲ್ಲಿ ಎಂದಿನ ವೈದ್ಯಕೀಯ ಸೇವೆ ಮಾತ್ರ ಇತ್ತು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರ್‌ನಿಂದಾಗುವ ಸಾವು ತಪಾಸಣೆ ನಡೆದ ಪಂಚಾಯಿತಿಗಳಲ್ಲಿ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಅಂತಹ ಪುರುಷರಲ್ಲಿ ಇಳಿಕೆ ಇನ್ನೂ ಹೆಚ್ಚು. ಇದಕ್ಕೆ ಬಳಸಿದ್ದು ಭಾರಿ ಯಂತ್ರಗಳನ್ನಲ್ಲ. ಬೆಳಕನ್ನೂ ತರಬೇತಾದ ಕಣ್ಣನ್ನೂ.

ಇದೇ ಅಧ್ಯಯನದಲ್ಲಿ ಎಚ್ಚರಿಕೆಯ ಮಾತೂ ಇದೆ. ತಪಾಸಣೆಯಲ್ಲಿ ಸಂಶಯ ಕಂಡುಬಂದ 5,145 ಮಂದಿಯಲ್ಲಿ ಮುಂದಿನ ಪರೀಕ್ಷೆಗೆ ಹೋದವರು 3,218, ಅಂದರೆ ಶೇ. 63. ಉಳಿದವರು ಚೀಟಿ ಪಡೆದು ಮನೆಯಲ್ಲಿಯೇ ಉಳಿದರು. ಶಿಬಿರ ನಡೆಸಿದೆವು, ಫೋಟೊ ತೆಗೆಸಿದೆವು ಎಂಬಲ್ಲಿಗೆ ಪಂಚಾಯಿತಿಯ ಕೆಲಸ ಮುಗಿಯುವುದಿಲ್ಲ. ಚೀಟಿ ಪಡೆದವನು ಆಸ್ಪತ್ರೆ ತಲುಪಿದನೇ ಎಂಬಲ್ಲಿಯೇ ಜೀವ ಉಳಿಯುವ ಪ್ರಶ್ನೆ ಇದೆ.

8. ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಅ) ಸದಸ್ಯರೇ ಮೊದಲಿಗರಾಗುವುದು: ಪಂಚಾಯಿತಿಯ ಸಾಮಾನ್ಯ ಸಭೆಯ ದಿನವೇ ಸಮುದಾಯ ಆರೋಗ್ಯ ಅಧಿಕಾರಿಯನ್ನು ಆಹ್ವಾನಿಸಿ, 30 ವರ್ಷ ಮೀರಿದ ಎಲ್ಲ ಸದಸ್ಯರೂ ಸಿಬ್ಬಂದಿಯೂ ವಾಟರ್‌ಮನ್, ಬಿಲ್ ಕಲೆಕ್ಟರ್ ಸಹಿತವಾಗಿ ತಪಾಸಣೆ ಮಾಡಿಸಿಕೊಳ್ಳಬೇಕು. ತಾವು ತೋಳು ಚಾಚದೆ ಊರಿಗೆ ಹೇಳುವ ಬುದ್ಧಿಮಾತಿಗೆ ಬೆಲೆ ಬಾರದು.

ಆ) ಗಂಡಸರು ಸೇರುವಲ್ಲಿಗೆ ತಪಾಸಣೆಯನ್ನು ಒಯ್ಯುವುದು: ಬೆಳಿಗ್ಗೆ ಹಾಲಿನ ಡೇರಿ, ಉದ್ಯೋಗ ಖಾತ್ರಿ ಕಾಮಗಾರಿಯ ಸ್ಥಳ, ನ್ಯಾಯಬೆಲೆ ಅಂಗಡಿ, ಸಂತೆ, ಜಾತ್ರೆ ಇವು ಸೂಕ್ತ ಸ್ಥಳಗಳು. ಸಮಯವನ್ನು ಕಚೇರಿಯ ಅನುಕೂಲಕ್ಕಲ್ಲ, ದುಡಿಯುವವರ ಅನುಕೂಲಕ್ಕೆ ಹೊಂದಿಸುವಂತೆ ಆರೋಗ್ಯ ಸಿಬ್ಬಂದಿಯೊಡನೆ ಮುಂಚಿತವಾಗಿ ಮಾತನಾಡಬೇಕು. ಗ್ರಾಮ ಪಂಚಾಯಿತಿ ಆರೋಗ್ಯ ಅಮೃತ ಅಭಿಯಾನದಡಿ ತಪಾಸಣಾ ಕಿಟ್ ಪಡೆದಿರುವ ಪಂಚಾಯಿತಿಗಳು ಅದು ಬೀರುವಿನಲ್ಲಿ ಉಳಿಯದಂತೆ ನೋಡಿಕೊಳ್ಳಬೇಕು.

ಇ) ಮರೆಯ ವ್ಯವಸ್ಥೆ: ಬಿ.ಪಿ. ಅಳೆಯಲು ಜಗಲಿ ಸಾಕು. ಮಾತನಾಡಲು ಮರೆ ಬೇಕು. ಒಂದು ಪರದೆ, ಒಂದು ಬಾಗಿಲಿರುವ ಕೋಣೆ ಒದಗಿಸಬೇಕು. ಪುರುಷ ಸಿಬ್ಬಂದಿಯಾದ ಆರೋಗ್ಯ ನಿರೀಕ್ಷಣಾಧಿಕಾರಿ ಅಥವಾ ಪುರುಷ ವೈದ್ಯರು ತಿಂಗಳಲ್ಲಿ ನಿಗದಿತ ದಿನ ಪುರುಷರಿಗಾಗಿ ಲಭ್ಯರಿರುವಂತೆ ಕೋರಬಹುದು.

ಈ) ಗೌಪ್ಯತೆ: ಸಂಖ್ಯೆಯನ್ನು ಗಟ್ಟಿಯಾಗಿ ಕೂಗಿ ಹೇಳದೆ ಚೀಟಿಯಲ್ಲಿ ಬರೆದು ಕೊಡಬೇಕು. ಗ್ರಾಮ ಸಭೆಯಲ್ಲಿ ಎಷ್ಟು ಮಂದಿ ತಪಾಸಣೆಗೊಳಗಾದರು ಎಂಬ ಒಟ್ಟು ಲೆಕ್ಕವನ್ನು ಮಾತ್ರ ಮಂಡಿಸಬೇಕು; ಹೆಸರುಗಳನ್ನು ಸರ್ವಥಾ ಓದಬಾರದು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಪಟ್ಟಿ ಹಂಚುವುದು ಇನ್ನೂ ಅಪಾಯಕರ. ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ.

ಉ) ಅನುಸರಣೆ: ಆಸ್ಪತ್ರೆಗೆ ಹೋಗಬೇಕಾದವರನ್ನು ಆಶಾ ಕಾರ್ಯಕರ್ತೆ ಬಲ್ಲರು. ಅವರು ಸಹಾಯ ಕೋರಿದಾಗ, ಸಂಬಂಧಪಟ್ಟವರ ಒಪ್ಪಿಗೆಯಿದ್ದರೆ, ಜೊತೆಗಾರರನ್ನು ಒದಗಿಸುವುದು, ಇಬ್ಬರು ಮೂವರನ್ನು ಒಂದೇ ದಿನ ಒಂದೇ ವಾಹನದಲ್ಲಿ ಕಳುಹಿಸುವುದು ಸದಸ್ಯರಿಂದ ಸಾಧ್ಯ. "ಹೋಗಿ ಬಂದಿರಾ?" ಎಂಬ ಪ್ರಶ್ನೆ ಸದಸ್ಯರದು; "ಏನಾಗಿದೆ?" ಎಂಬ ಪ್ರಶ್ನೆ ವೈದ್ಯರದು. ಈ ಗಡಿಯನ್ನು ಮೀರಬಾರದು.

ಊ) ಸಮಿತಿ ಮತ್ತು ಯೋಜನೆ: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಪುರುಷರ ತಪಾಸಣೆಯನ್ನು ಪ್ರತ್ಯೇಕ ವಿಷಯವಾಗಿ ಚರ್ಚಿಸಬೇಕು. ಸಮಿತಿಯ ಮುಕ್ತ ನಿಧಿಯಿಂದ ಪರದೆ, ಕುರ್ಚಿಯಂತಹ ಸಣ್ಣ ವೆಚ್ಚಗಳನ್ನು ಮಾರ್ಗಸೂಚಿಗೆ ಒಳಪಟ್ಟು ಭರಿಸಬಹುದು. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿಯೂ ಇದನ್ನು ಸೇರಿಸಬೇಕು. 2023ರಲ್ಲಿ ಆರಂಭವಾದ ಕ್ಷಯಮುಕ್ತ ಪಂಚಾಯಿತಿ ಉಪಕ್ರಮದ ಮಾನದಂಡಗಳಲ್ಲಿ ಪ್ರತಿ 1,000 ಜನಸಂಖ್ಯೆಗೆ ವರ್ಷಕ್ಕೆ ಕನಿಷ್ಠ 30 ಮಂದಿಯ ಕಫ ಮುಂತಾದ ಪರೀಕ್ಷೆಯೂ ಒಂದು. ಎರಡು ವಾರ ಮೀರಿ ಕೆಮ್ಮುವ ಗಂಡಸರು ಮುಂದೆ ಬಾರದೆ ಆ ಗುರಿ ಅರ್ಥಪೂರ್ಣವಾಗದು.

ಋ) ಮಹಿಳಾ ಸದಸ್ಯರ ಪಾತ್ರ: ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಪುರುಷರ ಆರೋಗ್ಯದ ಮಾತು ತಮಗೆ ಸಲ್ಲದೆಂದು ಅವರು ಹಿಂಜರಿಯಬೇಕಾಗಿಲ್ಲ. ದುಡಿಯುವವನು ಹಾಸಿಗೆ ಹಿಡಿದರೆ ಆರೈಕೆಯೂ ಸಾಲವೂ ಮಹಿಳೆಯ ತಲೆಯ ಮೇಲೆಯೇ ಬೀಳುತ್ತವೆ. ಸ್ವಸಹಾಯ ಸಂಘದ ಸಭೆಯಲ್ಲಿ ಪ್ರತಿ ಸದಸ್ಯೆಯೂ ತನ್ನ ಮನೆಯ ಒಬ್ಬ ಪುರುಷನ ತಪಾಸಣೆಯ ಹೊಣೆ ಹೊರುವಂತೆ ಅವರು ಮಾಡಬಲ್ಲರು.

9. ಒಂದು ಮಾದರಿ ಸಂಭಾಷಣೆ

(ಇದು ಚರ್ಚೆಗಾಗಿ ರಚಿಸಿದ ಕಲ್ಪಿತ ಪ್ರಸಂಗ.)

ಬೆಳಗಿನ ಆರೂವರೆ. ಹಾಲಿನ ಡೇರಿಯ ಜಗಲಿಯ ಮೇಲೆ ಸಮುದಾಯ ಆರೋಗ್ಯ ಅಧಿಕಾರಿ ಮೇಜು ಹಾಕಿಕೊಂಡಿದ್ದಾರೆ. ಹಾಲು ಅಳೆಸಿ ಬಂದ ವಾರ್ಡಿನ ಸದಸ್ಯ ಮೊದಲು ತಾನೇ ಕುಳಿತು ತೋಳು ಚಾಚುತ್ತಾನೆ. ಕ್ಯಾನು ಹಿಡಿದು ನಿಂತಿದ್ದ ಹಿರಿಯ ರೈತನೊಬ್ಬ ನಗುತ್ತಾನೆ.

"ಏನ್ ಮೆಂಬರ್ರೇ, ಇಷ್ಟು ಬೇಗ ಆಸ್ಪತ್ರೆ ಸೇರ್ಕೊಂಡ್ರಾ?"

"ಹೋದ ವರ್ಷವೇ ಸೇರಬೇಕಿತ್ತು ಕಣಣ್ಣ. ನೂರ ಅರವತ್ತು ತೋರಿಸ್ತು. ತಲೆನೋವಿಲ್ಲ, ಸುಸ್ತಿಲ್ಲ, ಏನಂದ್ರೆ ಏನೂ ಇರ್ಲಿಲ್ಲ."

"ಈಗ?"

"ದಿನಾ ಒಂದು ಮಾತ್ರೆ. ಉಪ್ಪಿನಕಾಯಿ ಕಡಿಮೆ ಮಾಡಿದೀನಿ. ಹೊಲದ ಕೆಲಸ ಮೊದಲಿನ ಹಾಗೇ ಮಾಡ್ತಿದೀನಿ. ಬಾ, ಐದು ನಿಮಿಷ ಕೂತ್ಕೋ."

"ನಂಗೇನಾಗಿದೆ? ಎರಡು ಚೀಲ ರಾಗಿ ಹೊರ್ತೀನಿ."

"ಹೊರ್ತಾ ಇರ್ಲಿ ಅಂತಲೇ ಕರೀತಿರೋದು."

ರೈತ ಕ್ಯಾನು ಕೆಳಗಿಟ್ಟು ಕುಳಿತುಕೊಳ್ಳುತ್ತಾನೆ. ಅವನ ಹಿಂದೆ ಇನ್ನಿಬ್ಬರು ನಿಲ್ಲುತ್ತಾರೆ. ಅಧಿಕಾರಿ ಸಂಖ್ಯೆಯನ್ನು ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆದು ಕೈಗೆ ಕೊಡುತ್ತಾರೆ.

ಈ ಪ್ರಸಂಗದಲ್ಲಿ ಸದಸ್ಯನು ಉಪದೇಶ ಮಾಡಲಿಲ್ಲ, ಹೆದರಿಸಲಿಲ್ಲ, ಹಾಸ್ಯಕ್ಕೆ ಮುನಿಯಲೂ ಇಲ್ಲ. ತನ್ನ ವಿಷಯವನ್ನು ತಾನೇ ಇಷ್ಟಪಟ್ಟು ಹೇಳಿದನು. ರೈತನ ವಿಷಯವನ್ನು ಕೇಳಲಿಲ್ಲ. ರೈತನ ಹೆಮ್ಮೆಯನ್ನು ಮುರಿಯದೆ ಅದನ್ನೇ ತಪಾಸಣೆಗೆ ಕಾರಣವಾಗಿಸಿದನು.

10. ಮಾಡಬಾರದ ಸಂಗತಿಗಳು

ತಪಾಸಣೆ ಮಾಡಿಸದಿದ್ದರೆ ಪಡಿತರ, ಕೂಲಿ ಅಥವಾ ಮನೆ ಮಂಜೂರಾತಿ ನಿಲ್ಲಿಸುವುದಾಗಿ ಬೆದರಿಸಬಾರದು. ತಪಾಸಣೆ ಹಕ್ಕೇ ಹೊರತು ದಂಡನೆಯಲ್ಲ. ಕುಡಿತ, ತಂಬಾಕಿನ ಚಟವಿರುವವರನ್ನು ಎಲ್ಲರೆದುರು ಹೀಯಾಳಿಸಬಾರದು. ಅವಮಾನಗೊಂಡವನು ಮತ್ತೆ ಬಾರನು. ತಂಬಾಕು ಬಿಡಲು ಬಯಸುವವರಿಗೆ 1800-11-2356, ಮನಸ್ಸಿನ ತೊಳಲಾಟವಿರುವವರಿಗೆ ಟೆಲಿ-ಮಾನಸ್ 14416 ಸಹಾಯವಾಣಿಗಳನ್ನು ತಿಳಿಸಬಹುದು. ದೂರವಾಣಿಯಲ್ಲಿ ಮುಖ ತೋರಿಸಬೇಕಾಗಿಲ್ಲ. ಮಾತ್ರೆ ಸೇವಿಸುತ್ತಿರುವವರಿಗೆ "ಹತೋಟಿಗೆ ಬಂತಲ್ಲ, ಇನ್ನು ಬಿಡು" ಎಂಬ ಸಲಹೆಯನ್ನು ಯಾರೂ ನೀಡಬಾರದು. ಅದು ವೈದ್ಯರ ತೀರ್ಮಾನ.

11. ಚರ್ಚೆಗೆ ಪ್ರಶ್ನೆಗಳು

1. ತಮ್ಮ ವಾರ್ಡಿನಲ್ಲಿ 30 ವರ್ಷ ಮೀರಿದ ಪುರುಷರು ಎಷ್ಟು? ಕಳೆದ ವರ್ಷ ತಪಾಸಣೆಗೊಳಗಾದವರು ಎಷ್ಟು? (ಒಟ್ಟು ಸಂಖ್ಯೆಯನ್ನು ಸಮುದಾಯ ಆರೋಗ್ಯ ಅಧಿಕಾರಿಯಿಂದ ಪಡೆಯುವುದು.)
2. ಗಂಡಸರು ಹೆಚ್ಚಾಗಿ ಸೇರುವ ಸ್ಥಳ ಮತ್ತು ಹೊತ್ತು ಯಾವುದು?
3. ತಮ್ಮ ಊರಿನ ಆರೋಗ್ಯ ಮಂದಿರದಲ್ಲಿ ಪುರುಷನೊಬ್ಬ ಇತರರ ಕಿವಿಗೆ ಬೀಳದಂತೆ ಮಾತನಾಡಲು ಸ್ಥಳವಿದೆಯೇ?
4. ಕಳೆದ ಶಿಬಿರದಲ್ಲಿ ಮುಂದಿನ ಪರೀಕ್ಷೆಗೆ ಸೂಚಿಸಲ್ಪಟ್ಟವರಲ್ಲಿ ಎಷ್ಟು ಮಂದಿ ಹೋದರು? ಹೋಗದಿರಲು ಅಡ್ಡಿಯೇನು?
5. ಸದಸ್ಯರಲ್ಲಿ ಯಾರು ಯಾರು ತಪಾಸಣೆ ಮಾಡಿಸಿಕೊಂಡಿದ್ದಾರೆ? (ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿಯೇ ಹೇಳಿಕೊಂಡರೆ ಸಾಕು.)

12. ಉಪಸಂಹಾರ

ರಸ್ತೆ, ಚರಂಡಿ, ಕುಡಿಯುವ ನೀರು ಇವುಗಳ ಕೊರತೆ ಕಣ್ಣಿಗೆ ಕಾಣುತ್ತದೆ. ಜನ ಕೇಳುತ್ತಾರೆ, ಪಂಚಾಯಿತಿ ಉತ್ತರಿಸುತ್ತದೆ. ಮರದ ನೆರಳಿನಲ್ಲಿ ಕಾದು ಕುಳಿತ ಗಂಡಸಿನ ಮೈಯೊಳಗಿನ ಕೊರತೆಯನ್ನು ಅವನು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಆದ್ದರಿಂದ ಪಂಚಾಯಿತಿಯೇ ಒಂದು ಹೆಜ್ಜೆ ಮುಂದೆ ಹೋಗಬೇಕಾಗಿದೆ. ಇದಕ್ಕೆ ದೊಡ್ಡ ಅನುದಾನ ಬೇಕಾಗಿಲ್ಲ. ಅನುಕೂಲವಾದ ಒಂದು ಹೊತ್ತು, ಒಂದು ಪರದೆ, ಗುಟ್ಟು ಕಾಯುವ ಬಾಯಿ, ಮೊದಲು ಚಾಚುವ ಒಂದು ತೋಳು ಸಾಕು. ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ತಪಾಸಣೆಯನ್ನು ಮುಗಿಸಿಕೊಂಡು, ಒಳಗೆ ಬರಲು ಹಿಂಜರಿಯುತ್ತಿರುವ ಒಬ್ಬರನ್ನಾದರೂ ಜೊತೆಗೆ ಕರೆತರುವುದು ಈ ಪಾಠದ ಅಭ್ಯಾಸ.